ಎರಡು ಗುರುತು ಕೂಡುವ ಜಾಗ



ಜಾಲಿ ನಮ್ಮ ಭಟ್ಕಳಕ್ಕೆ ತಾಗಿಕೊಂಡೇ ಇರುವ ಊರು. ಪಡುವಣಕ್ಕೆ ಕಡಲು. ಮೂಡಣಕ್ಕೆ ಹೆದ್ದಾರಿ. ನಡುವೆ ತೆಂಗಿನ ಮರಗಳು, ಗಲ್ಫಿನ ದುಡಿಮೆಯಲ್ಲಿ ಎದ್ದುನಿಂತ ದೊಡ್ಡ ಮನೆಗಳು, ಹೆಂಚಿನ ಸಣ್ಣ ಮನೆಗಳು. ಕಳೆದ ಬೇಸಿಗೆಯ ಒಂದು ಸಂಜೆ ಜಾಲಿಯ ಕಡಲ ದಂಡೆಯಲ್ಲಿ ಕೂತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಪಕ್ಕದಲ್ಲಿ ಕುಳಿತ. ಪಿಯುಸಿ ಮುಗಿಸಿ ವರ್ಷವಾಗಿತ್ತು. ಮುಖದಲ್ಲಿ ಗೆಲುವಿರಲಿಲ್ಲ. ಸುಮಾರು ಹೊತ್ತು ಮರಳಲ್ಲಿ ಗೆರೆ ಎಳೆಯುತ್ತ ಕೂತವನು ಆಮೇಲೆ ಬಾಯಿಬಿಟ್ಟ.

"ಮಾಸ್ತರೇ, ಎಂತ ಮಾಡೂದು ಅಂತ್ಲೇ ಗೊತ್ತಾಗೂದಿಲ್ಲ. ಅಪ್ಪ ದುಬೈಗೆ ಹೋಗು ಅಂತಾರೆ. ಮಾವ ಡಿಗ್ರಿ ಮಾಡು ಅಂತಾರೆ. ದೋಸ್ತರೆಲ್ಲ ಪೊಲೀಸ್ ಪರೀಕ್ಷೆಗೆ ಓದ್ತಿದ್ದಾರೆ. ನಂಗೆ ಎಲ್ಲದೂ ಸರಿ ಅಂತ ಕಾಣ್ತದೆ. ಯಾವ್ದೂ ನಂದು ಅಂತ ಕಾಣೂದಿಲ್ಲ."

ಕೇಳುಗರೇ, ಈ ಮಾತು ನಿಮ್ಮ ಮನೆಯಲ್ಲೂ ಕೇಳಿರಬಹುದು. ನಿಮ್ಮ ಮಗನೋ ಮಗಳೋ ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಂಡಿರಬಹುದು. ಇವತ್ತಿನ ನನ್ನ ಮಾತು ಇದೊಂದರ ಬಗ್ಗೆಯೇ. ದುಡಿಮೆಯ ದಾರಿ ಕಾಣದೆ ನಿಂತವರು ತಮ್ಮ ಜಾಗವನ್ನು ಗುರುತಿಸಿಕೊಳ್ಳುವುದು ಹೇಗೆ?

ನನಗೆ ಆಗ ಥಟ್ಟನೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಟ್ಟವರು ಪಕ್ಕದಲ್ಲಿ ಬಲೆ ಕಟ್ಟುತ್ತ ಕೂತಿದ್ದ ಹಿರಿಯ ಮೀನುಗಾರರು. ಬೆರಳಿಗೆ ನೂಲು ಸುತ್ತಿಕೊಂಡೇ ಮಾತಾಡಿದರು.

"ತಮ್ಮಾ, ನಮ್ಮ ಅಪ್ಪನ ಕಾಲದಲ್ಲಿ ಜಿಪಿಎಸ್ ಎಲ್ಲಿತ್ತು? ಕಡಲಡಿಗೆ ಮೀನು ಕೂರೂ ಕಲ್ಲು ಇರ್ತದೆ. ಮೇಲಿಂದ ನೋಡಿದ್ರೆ ಬರೀ ನೀರು. ಹುಡುಕೂದು ಹೆಂಗೆ? ದಡ ನೋಡ್ಬೇಕು. ಒಂದೇ ಗುರುತು ಹಿಡಿದ್ರೆ ಯಾವ ಕಡೆ ಅಂತ ಮಾತ್ರ ಗೊತ್ತಾಗ್ತದೆ. ಎರಡು ಹಿಡಿದ್ರೆ ಜಾಗ ಗೊತ್ತಾಗ್ತದೆ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ದೋಣಿಯಲ್ಲಿದ್ದೀರಿ ಎಂದು ಕಲ್ಪಿಸಿಕೊಳ್ಳಿ. ಸುತ್ತ ನೀರು. ದೂರದಲ್ಲಿ ದಡ ಸಣ್ಣ ಹಸಿರು ಗೆರೆಯ ಹಾಗೆ ಕಾಣುತ್ತದೆ. ಭಟ್ಕಳ ಬಂದರಿನ ಬಳಿಯ ಗುಡ್ಡದ ಮೇಲೆ ದೀಪಸ್ತಂಭವಿದೆ. ಅದಕ್ಕೆ ನೇರವಾಗಿ ದೋಣಿ ಬಿಟ್ಟರೆ ನೀವು ಒಂದು ಗೆರೆಯ ಮೇಲಿದ್ದೀರಿ. ಆದರೆ ಆ ಗೆರೆ ಬಲು ಉದ್ದ. ದಡದಿಂದ ಒಂದು ಮೈಲಿ ದೂರವಿರಬಹುದು, ಹತ್ತು ಮೈಲಿ ದೂರವೂ ಇರಬಹುದು. ಈಗ ಬಡಗಣ ದಿಕ್ಕಿಗೆ ತಿರುಗಿ ಇನ್ನೊಂದು ಗುರುತು ಹಿಡಿಯಿರಿ. ಮುರುಡೇಶ್ವರದ ಗುಡ್ಡವೋ, ಕಡಲ ನಡುವಿನ ನೇತ್ರಾಣಿ ದ್ವೀಪವೋ. ಎರಡನೆಯ ಗೆರೆ ಮೊದಲನೆಯದನ್ನು ಒಂದು ಕಡೆ ಮಾತ್ರ ಅಡ್ಡ ಹಾಯುತ್ತದೆ. ಆ ಕಡೆಯೇ ನಿಮ್ಮ ಜಾಗ. ಬಲೆ ಬಿಡಬೇಕಾದ್ದು ಅಲ್ಲಿ.

ದುಡಿಮೆಗೂ ಇದೇ ಲೆಕ್ಕ ಎನ್ನುವುದು ನನ್ನ ನಂಬಿಕೆ. ಒಂದು ಗುರುತು ನಮ್ಮ ಒಳಗಿನದು: ನನ್ನ ಕೈಗೆ ಒಗ್ಗುವುದು ಏನು? ಇನ್ನೊಂದು ಹೊರಗಿನದು: ನನ್ನಿಂದ ಯಾರಿಗೆ ಏನು ಬೇಕಾಗಿದೆ? ಇವೆರಡೂ ಕೂಡುವಲ್ಲಿ ನಮ್ಮ ಕೆಲಸ ಇರುತ್ತದೆ.

ಮೊದಲು ಒಳಗಿನ ಗುರುತು ನೋಡೋಣ.

ಮಕ್ಕಳನ್ನು ನಾವು "ನಿನಗೆ ಏನು ಇಷ್ಟ?" ಎಂದು ಕೇಳುತ್ತೇವೆ. ಈ ಪ್ರಶ್ನೆಗೆ ಹದಿನೆಂಟರ ಹುಡುಗ ಏನೆಂದಾನು? ಇಷ್ಟ ತಿಂಗಳಿಗೊಂದು ಸಲ ಬದಲಾಗುತ್ತದೆ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಇದೆ: ಯಾರೂ ಹೇಳದಿದ್ದರೂ ಯಾವ ಕೆಲಸಕ್ಕೆ ನೀನು ಮತ್ತೆ ಮತ್ತೆ ಕೈ ಹಾಕುತ್ತೀಯ? ಯಾವುದು ಕೆಟ್ಟರೂ ಬಿಡದೆ ತಿರುಗಿ ಮಾಡುತ್ತೀಯ? ಕೈಯ ಅಭ್ಯಾಸ ಸುಳ್ಳು ಹೇಳುವುದಿಲ್ಲ.

ನಮ್ಮ ಕುಮಟಾ ತಾಲೂಕಿನ ಗೋಕರ್ಣದ ಒಂದು ಉದಾಹರಣೆ ಹೇಳುತ್ತೇನೆ. ಜಯಂತ ಕಾಯ್ಕಿಣಿ 1955ರಲ್ಲಿ ಅಲ್ಲಿ ಹುಟ್ಟಿದವರು. ತಂದೆ ಗೌರೀಶ ಕಾಯ್ಕಿಣಿ ಶಿಕ್ಷಕರು, ವಿಮರ್ಶಕರು. ಮನೆಯ ತುಂಬ ಪುಸ್ತಕ. ಹುಡುಗನ ಕೈ ಬರವಣಿಗೆಗೆ ಹೋಯಿತು. ಮೊದಲ ಕವನ ಸಂಕಲನ 1974ರಲ್ಲಿ ಬಂದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅದಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ಒಳಗಿನ ಗುರುತು ಅಷ್ಟು ಬೇಗ ಸ್ಪಷ್ಟವಾಗಿತ್ತು.

ಹಾಗಾದರೆ ಅವರು ಓದು ಬಿಟ್ಟು ಕವಿಯಾಗಿಯೇ ಬದುಕುತ್ತೇನೆಂದು ಹೊರಟರೇ? ಇಲ್ಲ. ಧಾರವಾಡದಲ್ಲಿ ಜೀವರಸಾಯನ ಶಾಸ್ತ್ರ ಓದಿದರು. ಮುಂಬಯಿಗೆ ಹೋಗಿ ಔಷಧ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಮಹಾನಗರದಲ್ಲಿ ಕಳೆದರು. ಸಂಬಳ ತಂದ ಕೆಲಸ ಹೊಟ್ಟೆಯನ್ನು ನೋಡಿಕೊಂಡಿತು. ಆ ಕೆಲಸವೇ ಕರೆದೊಯ್ದ ಊರು, ಅಲ್ಲಿಯ ಲೋಕಲ್ ರೈಲು, ಚಾಳು, ಒಂಟಿ ಜನ, ಇವೆಲ್ಲ ಅವರ ಕಥೆಗಳಿಗೆ ಬಂದವು. ಮುಂಬಯಿಯ ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ, ದಕ್ಷಿಣ ಏಷ್ಯಾದ ದೊಡ್ಡ ಸಾಹಿತ್ಯ ಬಹುಮಾನವಾದ ಡಿಎಸ್‌ಸಿ ಪ್ರಶಸ್ತಿ ಬಂತು. ನಾಡಿಗೆ ನಾಡೇ ಗುನುಗಿದ 'ಮುಂಗಾರು ಮಳೆ' ಚಿತ್ರದ ಕೆಲವು ಹಾಡುಗಳನ್ನು ಅವರು ಬರೆದದ್ದು 2006ರ ಹೊತ್ತಿಗೆ. ಆಗ ಅವರ ವಯಸ್ಸು ಐವತ್ತು ದಾಟಿತ್ತು.

ಹದಿನೆಂಟರಲ್ಲಿ ದಾರಿ ಕಾಣಲಿಲ್ಲವೆಂದು ಕುಗ್ಗಿದವರು ಇದನ್ನು ನೆನಪಿಟ್ಟುಕೊಳ್ಳಬೇಕು. ಒಳಗಿನ ಗುರುತು ಸಿಕ್ಕವರಿಗೂ ಹೊಟ್ಟೆಪಾಡಿನ ಕೆಲಸ ಬೇಕಾಗುತ್ತದೆ. ಅದನ್ನು ಸೋಲೆಂದು ತಿಳಿಯಬೇಡಿ. ಕೈಗೆ ಒಗ್ಗಿದ್ದನ್ನು ದಿನಕ್ಕೆ ಅರ್ಧ ತಾಸಾದರೂ ಬಿಡದೆ ನಡೆಸಿಕೊಂಡು ಬಂದರೆ ಸಾಕು. ದೋಣಿ ನಿಧಾನವಾಗಿ ಹೋಗಬಹುದು. ಗುರುತು ಕಣ್ಣಿಂದ ತಪ್ಪಬಾರದು, ಅಷ್ಟೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಹಿಂದಿರುಗಿ ನೋಡೋಣ. ಜಾಗ ಸಿಗಲು ಎರಡು ಗುರುತು ಬೇಕು. ಒಂದು ಒಳಗಿನದು. ಕೈ ಮತ್ತೆ ಮತ್ತೆ ಎತ್ತ ಹೋಗುತ್ತದೋ ಅದು. ಈಗ ಹೊರಗಿನ ಗುರುತಿಗೆ ಬರೋಣ.

ಹೊರಗಿನ ಗುರುತು ಎಂದರೆ ಸುತ್ತಲಿನ ಜನಕ್ಕೆ, ನಾಡಿಗೆ, ಕಾಲಕ್ಕೆ ಏನು ಬೇಕಾಗಿದೆ ಎಂಬ ತಿಳಿವಳಿಕೆ. ಇದಕ್ಕೆ ನಮ್ಮ ಭಟ್ಕಳ ತಾಲೂಕಿನ ಮುರುಡೇಶ್ವರದ ಆರ್.ಎನ್. ಶೆಟ್ಟರ ಬದುಕನ್ನು ನೋಡಬಹುದು. 1928ರಲ್ಲಿ ಹುಟ್ಟಿದವರು. ಕೃಷಿಕ ಮನೆತನ. ಅವರು ದುಡಿಮೆಗೆ ಇಳಿದ ಕಾಲ ಎಂಥದು, ಯೋಚಿಸಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಸ್ವಲ್ಪ ವರ್ಷ ಆಗಿತ್ತು. ಪಂಚವಾರ್ಷಿಕ ಯೋಜನೆಗಳು ನಡೆಯುತ್ತಿದ್ದವು. ಎಲ್ಲ ಕಡೆ ಸೇತುವೆ ಬೇಕು, ರಸ್ತೆ ಬೇಕು, ಅಣೆಕಟ್ಟು ಬೇಕು. ಕಟ್ಟುವವರು ಕಡಿಮೆ. ಶಿರಸಿಯಲ್ಲಿ ಸಣ್ಣ ಗುತ್ತಿಗೆದಾರರಾಗಿ ಶುರುಮಾಡಿದ ಶೆಟ್ಟರು 1961ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಮುಂದೆ ಅಣೆಕಟ್ಟುಗಳ ಕೆಲಸ ಮಾಡಿದರು. 1998ರಲ್ಲಿ ಪೂರ್ತಿಯಾಗಿ ಓಡಲು ಶುರುವಾದ ಕೊಂಕಣ ರೈಲಿನ ಹಲವು ಸುರಂಗಗಳನ್ನು ಕೊರೆದದ್ದೂ ಅವರ ಕಂಪನಿಯೇ.

ಕಟ್ಟುವ ಕೈ ಅವರಿಗಿತ್ತು. ಕಟ್ಟಡ ಬೇಡುವ ಕಾಲವೂ ಬಂದಿತ್ತು. ಎರಡು ಗೆರೆ ಕೂಡಿದವು. ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನು ಕಟ್ಟಿಸಿದವರೂ ಅವರೇ. ಅದು ಮುಗಿದದ್ದು 2008ರಲ್ಲಿ. ಕೇಳುಗರೇ, ಕಡಲಿಗೆ ಹೋದವರಿಗೆ ಆ ಗೋಪುರ ಬಲು ದೂರದಿಂದ ಕಾಣುತ್ತದೆ. ಒಬ್ಬ ಮನುಷ್ಯ ತನ್ನ ಜಾಗ ಕಂಡುಕೊಂಡು ಮಾಡಿದ ಕೆಲಸ ಇವತ್ತು ಇನ್ನೊಬ್ಬರ ದೋಣಿಗೆ ಗುರುತಾಗಿ ನಿಂತಿದೆ.

ಹಾಗಾದರೆ ಇವತ್ತಿನ ಕಾಲ ಏನನ್ನು ಬೇಡುತ್ತಿದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಿಮ್ಮ ಕೇರಿಯಲ್ಲಿ ಒಂದು ವಾರ ಕಿವಿ ತೆರೆದು ನಡೆಯಿರಿ. ಜನ ಯಾವುದಕ್ಕೆ ಕಾಯುತ್ತಿದ್ದಾರೆ? ಪಂಪು ಕೆಟ್ಟರೆ ರಿಪೇರಿಯವನಿಗಾಗಿ ಎಷ್ಟು ದಿನ ಕಾಯಬೇಕು? ಮಕ್ಕಳೆಲ್ಲ ಹೊರದೇಶದಲ್ಲಿದ್ದು, ಮನೆಯಲ್ಲಿ ಉಳಿದ ಮುದುಕರನ್ನು ನೋಡಿಕೊಳ್ಳಲು ತರಬೇತಿಯಾದ ಕೈ ಎಲ್ಲಿದೆ? ಹಿಡಿದ ಮೀನು ಕೆಡದಂತೆ ಇಟ್ಟು ಮಾರುವವರು ಯಾರು? ಸೋಲಾರ್ ಜೋಡಿಸುವವರು, ಲೆಕ್ಕ ಬರೆಯುವವರು, ಒಳ್ಳೆಯ ಗಣಿತ ಮಾಸ್ತರರು, ಇವರಿಗೆಲ್ಲ ಕೆಲಸ ಕಾದು ಕೂತಿದೆ. ಜನ ಕಾಯುವ ಕಡೆ ದುಡಿಮೆ ಇದೆ.

ಮತ್ತೊಮ್ಮೆ ಹೇಳುತ್ತೇನೆ. ಒಳಗಿನ ಗುರುತು, ಕೈಗೆ ಒಗ್ಗುವುದು. ಹೊರಗಿನ ಗುರುತು, ಜನಕ್ಕೆ ಬೇಕಾಗಿರುವುದು. ಆದರೆ ಒಂದು ಕಷ್ಟವಿದೆ. ಕೆಲವರಿಗೆ ಎರಡೂ ಕಾಣುವುದಿಲ್ಲ. ಅದಕ್ಕೇನು ಮಾಡುವುದು?

ಆ ಹಿರಿಯ ಮೀನುಗಾರರನ್ನು ನಾನು ಇದನ್ನೇ ಕೇಳಿದೆ. ಅವರು ಕೈ ಎತ್ತಿ ಕಡಲಿನ ಕಡೆ ತೋರಿಸಿದರು. "ಗುಡ್ಡದ ಬುಡದಲ್ಲಿ ನಿಂತವಂಗೆ ಗುಡ್ಡ ಕಾಣ್ತದಾ ಮಾಸ್ತರೇ? ಸ್ವಲ್ಪ ಹೊರಗೆ ಹೋಗ್ಬೇಕು." ದಡದಲ್ಲೇ ನಿಂತರೆ ದಡದ ಗುರುತು ಕಾಣದು. ದೋಣಿ ಸ್ವಲ್ಪ ದೂರ ಹೋಗಬೇಕು, ಆಮೇಲೆ ತಿರುಗಿ ನೋಡಬೇಕು.

ಇದಕ್ಕೆ ಹೊನ್ನಾವರ ತಾಲೂಕಿನ ಉದಾಹರಣೆ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆ 1938ರಲ್ಲಿ ಹುಟ್ಟಿದರು. ಚೆಂಡೆ ಮದ್ದಳೆಯ ಸದ್ದಿನಲ್ಲೇ ಬೆಳೆದ ಹುಡುಗ. ಯಕ್ಷಗಾನ ಅವರಿಗೆ ಮನೆಯ ಅಂಗಳದಷ್ಟೇ ಪರಿಚಯ. ಆದರೂ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತರು. ಬೇರೊಂದು ಕಲೆಯ ಶಿಸ್ತನ್ನು ಹತ್ತಿರದಿಂದ ನೋಡಿದರು. ಆ ದೂರದಿಂದ ನೋಡಿದ ಕಣ್ಣಿನಲ್ಲಿ ತಮ್ಮ ಮನೆಯ ಕಲೆಗೆ ಮರಳಿದರು, ಮೇಳದ ಹೊಣೆ ಹೊತ್ತರು. ವೇಷ, ಮಾತು, ಕುಣಿತ, ಸಮಯ, ಎಲ್ಲದರಲ್ಲೂ ಅಚ್ಚುಕಟ್ಟು ತಂದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರ ತೆರೆದರು. ಮನೆತನದಲ್ಲಿ ಬಂದ ವಿದ್ಯೆ ಬೇರೆ ಮನೆಯ ಮಕ್ಕಳಿಗೂ ಸಿಗುವಂತೆ ಮಾಡಿದರು. 2009ರಲ್ಲಿ ತೀರಿಕೊಳ್ಳುವವರೆಗೂ ಅವರ ಜಾಗ ಅದೇ ಆಗಿತ್ತು. ಅದು ಅವರು ಹುಟ್ಟಿದ ಜಾಗವೇ. ಆದರೆ ಹುಟ್ಟಿನಿಂದ ಬಂದದ್ದನ್ನು ದೂರ ಹೋಗಿ ಬಂದು ತಮ್ಮದಾಗಿ ಮಾಡಿಕೊಂಡರು.

ನೀವೆಲ್ಲ ದೆಹಲಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ದೂರ ಎಂದರೆ ಒಂದು ತಿಂಗಳು ಬೇರೆ ಕೆಲಸ ಮಾಡಿ ನೋಡುವುದೂ ಆಗಬಹುದು. ಕುಮಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು. ಹೊನ್ನಾವರದ ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಳ್ಳುವುದು. ಯೋಚಿಸುತ್ತ ಮನೆಯಲ್ಲಿ ಕಳೆದ ಆರು ತಿಂಗಳಿಗಿಂತ, ದುಡಿದ ಒಂದು ತಿಂಗಳು ಹೆಚ್ಚು ತಿಳಿಸುತ್ತದೆ.

ಈಗ ನಮ್ಮ ಊರಿನ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಗಲ್ಫ್.

ಹೊರಗೆ ಹೋಗಿ ದುಡಿಯುವುದು ಭಟ್ಕಳಕ್ಕೆ, ಜಾಲಿಗೆ ಹೊಸದಲ್ಲ. ನಮ್ಮ ನವಾಯತ ಮನೆತನಗಳ ಹಿರಿಯರು ಗಲ್ಫಿಗಿಂತ ಎಷ್ಟೋ ಮೊದಲೇ ಮುಂಬಯಿ, ಮದರಾಸು, ಕೋಲ್ಕತ್ತ ಎಂದು ವ್ಯಾಪಾರಕ್ಕೆ ಹೋದವರು. ಗಳಿಸಿದ್ದನ್ನು ಊರಿಗೂ ತಂದರು. ಅಂಜುಮನ್ ಸಂಸ್ಥೆ 1919ರಲ್ಲೇ ಇಲ್ಲಿ ಹುಟ್ಟಿ, ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆದದ್ದು ಇಂಥ ಜನರ ನೆರವಿನಿಂದ. ಎಣ್ಣೆಯ ದುಡ್ಡು ಹರಿಯತೊಡಗಿದ ಎಪ್ಪತ್ತರ ದಶಕದಿಂದ ಎಲ್ಲ ಜಾತಿ ಧರ್ಮದ ಹುಡುಗರೂ ಅತ್ತ ಹೋದರು. ತಂಗಿಯ ಮದುವೆ ಆಯಿತು, ಸಾಲ ತೀರಿತು, ಮನೆ ಎದ್ದಿತು. ಆ ದುಡಿಮೆಗೆ ನಾನು ಕೈ ಮುಗಿಯುತ್ತೇನೆ.

ಆದರೆ ದುಬೈ ಎನ್ನುವುದು ಒಂದು ಗುರುತು ಮಾತ್ರ. ಅದು ದಿಕ್ಕು. ಜಾಗ ಅಲ್ಲ. ನಮ್ಮ ಹಿರಿಯ ವ್ಯಾಪಾರಿ ಮದರಾಸಿಗೆ ಹೊರಟಾಗ ಅವನಿಗೆ ಬಟ್ಟೆಯ ವ್ಯಾಪಾರವೋ ಹೋಟೆಲಿನ ಕೆಲಸವೋ ಗೊತ್ತಿತ್ತು. ಇವತ್ತು ನಮ್ಮ ಎಷ್ಟೋ ಹುಡುಗರು "ಮೊದಲು ವೀಸಾ ಬರಲಿ, ಆಮೇಲೆ ನೋಡುವಾ" ಎನ್ನುತ್ತಾರೆ. ಕೈಯಲ್ಲಿ ಕಸುಬಿಲ್ಲದೆ ಹೋದವನಿಗೆ ಅಲ್ಲಿ ಸಿಗುವುದು ಎಲ್ಲರಿಗಿಂತ ಕಡಿಮೆ ಸಂಬಳ. ಗಾಳಿ ಬದಲಾದಾಗ ಮೊದಲು ವಾಪಸು ಬರುವವನೂ ಅವನೇ. ಗಾಳಿ ಬದಲಾಗುತ್ತದೆ. 2011ರಲ್ಲಿ ಸೌದಿ ಅರೇಬಿಯಾ ನಿತಾಕತ್ ಎಂಬ ನಿಯಮ ತಂದಿತು. ಖಾಸಗಿ ಕಂಪನಿಗಳು ಇಂತಿಷ್ಟು ಮಂದಿ ಸ್ವಂತ ದೇಶದವರನ್ನು ಇಟ್ಟುಕೊಳ್ಳಲೇಬೇಕು ಎಂದಿತು. 2020ರ ಕೊರೋನಾ ಕಾಲದಲ್ಲಿ ಸೂಟ್‌ಕೇಸ್ ಹಿಡಿದು ಬಂದವರನ್ನು ನಾವೇ ನೋಡಿದ್ದೇವೆ. ಕಸುಬು ಇದ್ದವರು ಊರಲ್ಲೇ ಏನಾದರೊಂದು ಹಿಡಿದರು. ಇಲ್ಲದವರು ಮತ್ತೆ ವೀಸಾಕ್ಕೆ ಕಾದರು.

ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಏಜೆಂಟರು ಸರಕಾರದಲ್ಲಿ ನೋಂದಾಯಿತರೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ. ಅದು ಮೂವತ್ತು ಸಾವಿರ ರೂಪಾಯಿ, ಮೇಲೆ ತೆರಿಗೆ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ತಾಯಿಯ ಬಂಗಾರ ಅಡವಿಡಬೇಡಿ.

ಇಷ್ಟು ಹೊತ್ತು ಮೂರು ಮಾತು ಹೇಳಿದೆ. ಕೈಗೆ ಒಗ್ಗುವುದನ್ನು ಗುರುತಿಸಿ. ಜನಕ್ಕೆ ಬೇಕಾದ್ದನ್ನು ಗುರುತಿಸಿ. ಎರಡೂ ಕಾಣದಿದ್ದರೆ ಸ್ವಲ್ಪ ಹೊರಗೆ ಹೋಗಿ ತಿರುಗಿ ನೋಡಿ. ಇನ್ನು ಮಾಡಬೇಕಾದ್ದು ಏನು ಎಂಬುದಕ್ಕೆ ಬರೋಣ.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆ ಎರಡು ತಿಂಗಳು ಮೀನುಗಾರ ಸುಮ್ಮನೆ ಕೂರುತ್ತಾನೆಯೇ? ದೋಣಿಗೆ ಬಣ್ಣ ಬಳಿಯುತ್ತಾನೆ. ಇಂಜಿನ್ ಬಿಚ್ಚಿ ಜೋಡಿಸುತ್ತಾನೆ. ಬಲೆಯ ಒಂದೊಂದು ಕಣ್ಣನ್ನೂ ಬೆರಳಿನಿಂದ ಬಿಡಿಸಿ ನೋಡಿ, ಹರಿದಲ್ಲಿ ಕಟ್ಟುತ್ತಾನೆ. ಆಗಸ್ಟ್ ಬಂದಾಗ ಅವನು ತಯಾರು. ಪರೀಕ್ಷೆ ಮುಗಿದು ಮುಂದಿನದು ಗೊತ್ತಾಗದೆ ನಿಂತ ಕಾಲವನ್ನು ಹೀಗೇ ಕಳೆಯಬೇಕು.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನವೂ ಮಲಗುವ ಮುಂಚೆ ಎರಡು ಸಾಲು ಬರೆಯಿರಿ. ಇವತ್ತು ಯಾವ ಕೆಲಸದಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ? ಇವತ್ತು ಯಾರಿಗೆ ನಾನು ಉಪಯೋಗಕ್ಕೆ ಬಂದೆ? ಎರಡು ತಿಂಗಳ ಬಳಿಕ ಓದಿ ನೋಡಿ. ಮತ್ತೆ ಮತ್ತೆ ಬಂದ ಮಾತೇ ನಿಮ್ಮ ಗುರುತು.

ಮೂವರನ್ನು ಹೋಗಿ ಮಾತಾಡಿಸಿ. ನಿಮ್ಮ ಮನಸ್ಸಿಗೆ ಬಂದ ಕೆಲಸವನ್ನು ಹತ್ತು ವರ್ಷದಿಂದ ಮಾಡುತ್ತಿರುವ ಒಬ್ಬರು. ಹೋದ ವರ್ಷ ಶುರುಮಾಡಿದ ಒಬ್ಬರು. ಆ ಕೆಲಸ ಬಿಟ್ಟ ಒಬ್ಬರು. ಮೂರನೆಯವರ ಮಾತನ್ನು ಗಮನವಿಟ್ಟು ಕೇಳಿ.

ಕಲಿಯಲು ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಇವತ್ತು ದೇಶದ ತುಂಬ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. ನಮ್ಮ ಜಿಲ್ಲೆಯ ಹಳಿಯಾಳದಲ್ಲೂ ಇದೆ. ಊಟ ವಸತಿ ಸಹಿತ ಉಚಿತ ತರಬೇತಿ. ಐಟಿಐ ಇದೆ, ಅಪ್ರೆಂಟಿಸ್ ಆಗುವ ದಾರಿ ಇದೆ. ಕೇಳಿದವರಿಗೆ ಸಿಗುತ್ತದೆ. ಕೇಳಲು ನಾಚಬಾರದು.

ತಂದೆತಾಯಿಯರೇ, ನಿಮಗೂ ಒಂದು ಮಾತು. ಮಗಳು ನರ್ಸಿಂಗ್ ಎಂದಾಗ, ಮಗ ಅಡುಗೆ ಕಲಿಯುತ್ತೇನೆ ಎಂದಾಗ, "ಜನ ಏನು ಹೇಳಿಯಾರು" ಎನ್ನುವ ಮಾತು ಬಾಯಿಗೆ ಬರುತ್ತದೆ. ಅದನ್ನು ತಡೆದು, "ಒಂದು ತಿಂಗಳು ಮಾಡಿ ನೋಡು" ಎನ್ನಿ. ದೋಣಿಯ ಹಗ್ಗ ನಿಮ್ಮ ಕೈಯಲ್ಲೇ ಇರಲಿ. ಆದರೆ ದೋಣಿ ನೀರಿಗೆ ಇಳಿಯಲಿ.

ಕೇಳುಗರೇ, ಜಾಲಿಯ ಆ ಹುಡುಗನ ಸುದ್ದಿ ಹೇಳಿ ಮುಗಿಸುತ್ತೇನೆ. ಅವತ್ತು ಸಂಜೆ ನಾನು ಅವನನ್ನು ಕೇಳಿದೆ. "ಮನೆಯಲ್ಲಿ ಏನಾದರೂ ಕೆಟ್ಟರೆ ರಿಪೇರಿ ಮಾಡುವವರು ಯಾರು?" "ನಾನೇ," ಎಂದ. ಮಿಕ್ಸಿ, ಪಂಪು, ಅಣ್ಣನ ಬೈಕು, ಎಲ್ಲವನ್ನೂ ಬಿಚ್ಚಿದ್ದಾನೆ. ಕೆಲವನ್ನು ಕೆಡಿಸಿಯೂ ಇದ್ದಾನೆ. ಬಲೆ ಕಟ್ಟುತ್ತಿದ್ದ ಹಿರಿಯರು ತಲೆ ಎತ್ತಿದರು. "ಹಂಗಾರೆ ಜೂನ್ ತಿಂಗಳಲ್ಲಿ ಬಂದರಿಗೆ ಬಾ. ಇಂಜಿನ್ ಬಿಚ್ಚೂಕೆ ಜನ ಸಿಗೂದಿಲ್ಲ."

ಅವನು ಹೋದ. ಮಳೆಗಾಲದ ಎರಡು ತಿಂಗಳೂ ಬಂದರಿನಲ್ಲಿ ಮೆಕ್ಯಾನಿಕ್ ಒಬ್ಬರ ಕೈಕೆಳಗೆ ದುಡಿದ. ಆಗಸ್ಟಿನಲ್ಲಿ ಒಂದು ದಿನ ಪೇಟೆಯಲ್ಲಿ ಸಿಕ್ಕ. ಉಗುರಿನ ಸಂದಿಯಲ್ಲಿ ಮಸಿ ಹಾಗೇ ಇತ್ತು. ಐಟಿಐಗೆ ಸೇರಿದ್ದೇನೆ ಎಂದ. "ದುಬೈ ಆಲೋಚನೆ ಬಿಟ್ಟೆಯಾ?" ಎಂದು ಕೇಳಿದೆ.

"ಬಿಡ್ಲಿಲ್ಲ ಮಾಸ್ತರೇ," ಎಂದ. "ಮುಂದೆ ಹೋದ್ರೂ ಹೋಗ್ತೆ. ಆದ್ರೆ ಮೆಕ್ಯಾನಿಕ್ ಆಗಿ ಹೋಗ್ತೆ."